ಮಾನಭಂಗ: ಭಂಗವಾದದ್ದು ಯಾರ ಮಾನ?

ಠಾಣೆಗೆ ಬಂದ ಹೆಣ್ಣುಮಗಳ ದೂರು ಬರಹಕ್ಕೆ ಇಳಿಯುವಾಗ ಬಹಳ ಸಲ ಒಂದೇ ಅಚ್ಚಿಗೆ ಬೀಳುತ್ತದೆ. ‘ಅವಾಚ್ಯ ಶಬ್ದಗಳಿಂದ ಬೈದು, ಕೈ ಹಿಡಿದು ಎಳೆದಾಡಿ, ಮಾನಭಂಗಕ್ಕೆ ಯತ್ನಿಸಿ, ಜೀವ ಬೆದರಿಕೆ ಹಾಕಿರುತ್ತಾರೆ.’ ಮರುದಿನದ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಅದೇ ಸಾಲು ‘ಮಾನಭಂಗಕ್ಕೆ ಯತ್ನ: ದೂರು ದಾಖಲು’ ಎಂದು ತಲೆಬರಹವಾಗುತ್ತದೆ. ಬೈದದ್ದು, ಎಳೆದದ್ದು, ಬೆದರಿಸಿದ್ದು ಮೂರೂ ಆರೋಪಿ ಮಾಡಿದ ಕೃತ್ಯಗಳು. ನಡುವೆ ಕೂತಿರುವ ‘ಮಾನಭಂಗ’ ಮಾತ್ರ ಆಕೆಯ ಮೇಲೆ ಹೊರಟ ತೀರ್ಪು. ಅವನು ಎದೆಗೆ ಕೈ ಹಾಕಿದನೇ, ಸೀರೆ ಎಳೆದನೇ, ಕತ್ತಲಲ್ಲಿ ಬಾಯಿ ಒತ್ತಿ ಹಿಡಿದನೇ ಎಂಬ ವಿವರವೆಲ್ಲ ಆ ಒಂದು ಪದದೊಳಗೆ ಮುಚ್ಚಿಹೋಗುತ್ತದೆ. ಮೇಲೆ ಉಳಿಯುವುದು ಇಷ್ಟೇ: ಆಕೆಯದೇನೋ ಒಂದು ಮುರಿಯಿತು, ಅಥವಾ ಮುರಿಯುವುದರಲ್ಲಿತ್ತು.

ಸಾರ್ವಜನಿಕ ಅವಮಾನಕ್ಕೆ ಕನ್ನಡದಲ್ಲಿ ಪದಗಳ ಬರವಿಲ್ಲ. ಮಾನಹಾನಿ, ಮಾನನಷ್ಟ, ಅಪಕೀರ್ತಿ, ಮುಖಭಂಗ, ತೇಜೋವಧೆ, ನಗೆಪಾಟಲು, ಮರ್ಯಾದೆಗೇಡು. ಚುನಾವಣೆಯಲ್ಲಿ ಸೋತ ಪಕ್ಷಕ್ಕೆ ಮುಖಭಂಗವಾಗುತ್ತದೆ, ಟೀಕೆಗೆ ಗುರಿಯಾದ ನಾಯಕನ ತೇಜೋವಧೆಯಾಗುತ್ತದೆ, ಸುಳ್ಳು ಸುದ್ದಿಯಿಂದ ಉದ್ಯಮಿಗೆ ಮಾನನಷ್ಟವಾಗುತ್ತದೆ. ಮಾನಭಂಗ ಆಗುವುದು ಇಂದಿನ ಬಳಕೆಯಲ್ಲಿ ಹೆಂಗಸಿಗೆ ಮಾತ್ರ, ಅದೂ ಆಕೆಯ ದೇಹಕ್ಕೆ ಸಂಬಂಧಿಸಿದಂತೆ ಮಾತ್ರ. ಇದು ತಾನಾಗಿ ಆದದ್ದಲ್ಲ. ಕಾವ್ಯ, ಶಾಸನ, ಕಾನೂನು, ಠಾಣೆ, ಪತ್ರಿಕೆ ಎಲ್ಲ ಕಡೆ ಸುತ್ತಿ ಬಂದ ಮೇಲೆ ಆ ಪದಕ್ಕೆ ಈ ರೂಪ ಬಂದಿದೆ. ಆ ದಾರಿಯನ್ನು ಒಮ್ಮೆ ನಡೆದು ನೋಡಬೇಕು.

ನಮ್ಮ ಗಾದೆಯಲ್ಲಿ ಮಾನ ಹೋಗುವ ಬಗೆಯೇ ಬೇರೆ. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.’ ಯಾರೋ ಬಂದು ಕಸಿದುಕೊಂಡ ಮಾನದ ಮಾತು ಇದಲ್ಲ. ಒಂದು ಅಡಿಕೆಯ ಆಸೆಗೆ ಬಿದ್ದು ತಾನೇ ಕಳೆದುಕೊಂಡದ್ದು. ಸಣ್ಣತನ ಯಾರದೋ, ನಷ್ಟವೂ ಅವರದೇ. ಊರಲ್ಲಿ ಸಾಲ ತೀರಿಸದೆ ತಲೆತಪ್ಪಿಸಿಕೊಂಡವನಿಗೆ, ಕೊಟ್ಟ ಮಾತಿಗೆ ತಪ್ಪಿದವನಿಗೆ, ಹೆತ್ತವರನ್ನು ಬೀದಿಗೆ ಬಿಟ್ಟವನಿಗೆ ‘ಮಾನಗೇಡಿ’ ಎನ್ನುವುದೂ ಇದೇ ಲೆಕ್ಕದಲ್ಲಿ.

ಕಾವ್ಯದಲ್ಲೂ ಮಾನ ಬಹುಮಟ್ಟಿಗೆ ಗಂಡಸಿನ, ಅದರಲ್ಲೂ ದೊರೆಯ ಮತ್ತು ವೀರನ ಆಸ್ತಿ. ರನ್ನ ಗದಾಯುದ್ಧದಲ್ಲಿ ದುರ್ಯೋಧನನನ್ನು ಅಭಿಮಾನಧನನೆಂದು ಕರೆಯುತ್ತಾನೆ. ರಾಜ್ಯ, ತಮ್ಮಂದಿರು, ಗೆಳೆಯ ಎಲ್ಲ ಹೋದ ಮೇಲೂ ಅವನ ಬಳಿ ಉಳಿದಿದ್ದು ಅದೊಂದೇ. ವೈಶಂಪಾಯನ ಸರೋವರದಲ್ಲಿ ಅಡಗಿ ಕೂತಾಗ ಅವನಿಗೆ ಕೊರೆಯುವುದು ಸಾವಿನ ಭಯಕ್ಕಿಂತ ಅಡಗಿದೆನಲ್ಲಾ ಎಂಬ ಅವಮಾನ. ಭೀಮನ ಮೂದಲಿಕೆ ಕಿವಿಗೆ ಬಿದ್ದದ್ದೇ ತಡ, ನೀರಿನೊಳಗೆ ಕೂರಲಾಗದೆ ಎದ್ದು ಬರುತ್ತಾನೆ. ಇಲ್ಲಿ ಮಾನ ಹೋದರೂ ತನ್ನದೇ ನಡೆಯಿಂದ, ಮರಳಿ ಬಂದರೂ ತನ್ನದೇ ನಡೆಯಿಂದ. ಗೀತೆಯ ಎರಡನೆಯ ಅಧ್ಯಾಯದಲ್ಲಿ ಕೃಷ್ಣ ಅರ್ಜುನನಿಗೆ ಅಪಕೀರ್ತಿ ಮರಣಕ್ಕಿಂತ ಹೆಚ್ಚಿನದು ಎನ್ನುವಾಗಲೂ ಮಾತು ರಣದಿಂದ ಹಿಮ್ಮೆಟ್ಟುವವನ ಕುರಿತಾದದ್ದು.

ಇದೇ ವಿಚಾರವನ್ನು ಹೆಣ್ಣಿಗೆ ಹೊರಿಸಿದಾಗ ಅರ್ಥ ತಲೆಕೆಳಗಾಗುತ್ತದೆ. ವೀರ ಹಿಮ್ಮೆಟ್ಟಿದರೆ ತಪ್ಪು ಅವನದು, ಅಪಕೀರ್ತಿಯೂ ಅವನದು. ಹೆಣ್ಣಿನ ಮೇಲೆ ಯಾರೋ ಕೈಮಾಡಿದರೆ ತಪ್ಪು ಅವನದು, ಮಾನ ಹೋದದ್ದು ಇವಳದು. ‘ಮಾನ ಹೋದ ಮೇಲೆ ಬದುಕಿ ಏನು’ ಎಂಬ ಮಾತು ರಣರಂಗದಿಂದ ಹೊರಟು ಬಾವಿಕಟ್ಟೆಗೆ ಬಂದದ್ದು ಹೀಗೆ. ಕೈಮಾಡಿದವನು ಊರಲ್ಲಿ ತಲೆಯೆತ್ತಿ ಓಡಾಡಿಕೊಂಡಿರುತ್ತಾನೆ, ಬಾವಿಗೆ ಹಾರುವವಳು ಅವಳು.

ಇದಕ್ಕಿಂತ ಬೇರೆ ರೀತಿಯ ನುಡಿ ನಮ್ಮಲ್ಲಿ ಇರಲೇ ಇಲ್ಲವೇ? ಇತ್ತು, ಕಲ್ಲಿನ ಮೇಲೆ ಇತ್ತು. ನಮ್ಮ ವೀರಗಲ್ಲುಗಳ ಶಾಸನಗಳಲ್ಲಿ ವೀರ ಮಡಿದ ಸಂದರ್ಭವನ್ನು ಒಂದೆರಡು ಮಾತಿನಲ್ಲಿ ಹೇಳುವ ರೂಢಿಯಿದೆ. ದನಗಳನ್ನು ಹೊಡೆದೊಯ್ದರೆ ತುಱುಗೋಳ್, ಊರನ್ನು ಹಾಳುಗೆಡವಿದರೆ ಊರಳಿವು, ಹೆಂಗಸರ ಮೇಲೆ ಬಿದ್ದಾಗ ಎದ್ದ ಕೂಗು ಪೆಣ್ಬುಯ್ಯಲ್. ಪುಯ್ಯಲ್ ಎಂದರೆ ಇಂದಿನ ಹುಯಿಲು, ಮೊರೆ. ಇವುಗಳ ಜೊತೆಗೇ ಬರುವ ಇನ್ನೊಂದು ಮಾತು ಉಡೆಯುರ್ಚು. ಉಡೆ ಅಂದರೆ ಸೊಂಟಕ್ಕೆ ಉಟ್ಟ ಬಟ್ಟೆ, ಉರ್ಚು ಅಂದರೆ ಬಿಚ್ಚು, ಸೆಳೆ. ದಾಳಿಕೋರರು ಬಂದರು, ದನ ಹೊಡೆದರು, ಹೆಂಗಸರ ಉಡೆ ಬಿಚ್ಚಿದರು, ಇಂಥವನು ಎದುರು ನಿಂತು ಸತ್ತ. ಕಲ್ಲು ಕಡೆಸಿದವರು ಇಷ್ಟನ್ನು ಹೇಳಿ ಮುಂದೆ ಹೋಗುತ್ತಾರೆ. ಹೆಂಗಸರ ಮಾನ ಏನಾಯಿತು ಎಂದು ಉಡೆಯುರ್ಚು ಎಂಬ ಮಾತು ಹೇಳುವುದಿಲ್ಲ. ಯಾರು ಏನು ಮಾಡಿದರು ಎಂದಷ್ಟೇ ಹೇಳುತ್ತದೆ. ಚಿದಾನಂದಮೂರ್ತಿಯವರು 1966ರಲ್ಲಿ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಪ್ರಕಟಿಸಿದಾಗಿನಿಂದ ಶಾಸನಗಳ ಈ ಲೋಕ ವಿದ್ವಾಂಸರಿಗೆ ಪರಿಚಿತ. ಆದರೆ ವರದಿಗಾರರಿಗೂ ಠಾಣೆಯ ಬರಹಗಾರರಿಗೂ ಇದರಿಂದ ಕಲಿಯುವುದಿದೆ. ಆ ಕಾಲ ಹೆಣ್ಣಿಗೆ ಸುಖದ ಕಾಲವಾಗಿತ್ತೆಂದು ನಾನು ಹೇಳುತ್ತಿಲ್ಲ. ಹೆಂಗಸರನ್ನು ದನಗಳ ಪಕ್ಕದಲ್ಲೇ ಎಣಿಸಿದ ಕಾಲ ಅದು. ಕೃತ್ಯಕ್ಕೆ ಕೃತ್ಯದ ಹೆಸರನ್ನೇ ಇಡುವ ಶಕ್ತಿ ಮಾತ್ರ ಆ ನುಡಿಗಿತ್ತು.

ಮಹಾಭಾರತದ ಸಭಾಪರ್ವವನ್ನು ಈ ಕಣ್ಣಿನಿಂದ ಓದಿದರೆ ಬೇರೆಯೇ ಕಾಣುತ್ತದೆ. ಗದುಗಿನ ಕುಮಾರವ್ಯಾಸನ ಓದುಗರಿಗೆ, ಯಕ್ಷಗಾನದ ಪ್ರೇಕ್ಷಕರಿಗೆ ಅಕ್ಷಯವಾಗುವ ಸೀರೆಯ ಪ್ರಸಂಗ ಮನಸ್ಸಿನಲ್ಲಿ ಅಚ್ಚೊತ್ತಿದೆ. ಅದನ್ನು ದ್ರೌಪದಿಯ ಮಾನಭಂಗವೆಂದೂ, ಕೃಷ್ಣ ಬಂದು ಮಾನ ಉಳಿಸಿದನೆಂದೂ ಹೇಳುತ್ತೇವೆ. ಸೀರೆಗಿಂತ ಮೊದಲು ಆಕೆ ಕೇಳಿದ ಪ್ರಶ್ನೆಯನ್ನು ಅಷ್ಟು ನೆನೆಯುವುದಿಲ್ಲ. ತನ್ನನ್ನೇ ಮೊದಲು ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತು? ಭೀಷ್ಮ ಧರ್ಮ ಸೂಕ್ಷ್ಮವೆಂದು ಜಾರಿಕೊಂಡ. ಕೌರವರ ಸಾಲಿನಲ್ಲೇ ಎದ್ದು ನಿಂತು ಇದು ಅನ್ಯಾಯ ಎಂದವನು ವಿಕರ್ಣ ಒಬ್ಬ. ಆ ಹೊತ್ತಿಗೆ ಮಾನ ಕಳೆದುಕೊಂಡು ಕೂತದ್ದು ಸಭೆ. ದ್ರೌಪದಿ ವಾದ ಮಾಡುತ್ತಿದ್ದಳು. ಪಂಪನೂ ರನ್ನನೂ ಬಿಚ್ಚಿದ ಮುಡಿಯ ಪ್ರತಿಜ್ಞೆಯನ್ನು ಕಥೆಯ ಬೆನ್ನೆಲುಬಾಗಿಸಿದ್ದರಲ್ಲಿ ಇದರ ಅರಿವಿದೆ ಎಂದು ನನಗೆ ತೋರುತ್ತದೆ. ಆ ಮುಡಿ ನಾಚಿಕೆಯಿಂದ ಮುಚ್ಚಿಟ್ಟದ್ದಲ್ಲ, ಎಲ್ಲರ ಕಣ್ಣಿಗೆ ಬೀಳುವಂತೆ ಬಿಟ್ಟ ಸಾಕ್ಷ್ಯ.

ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಇನ್ನೂ ಮುಂದೆ ಹೋದಳು. ಉಡುಗೆಯನ್ನು ತಾನೇ ಬಿಟ್ಟು ಕಲ್ಯಾಣಕ್ಕೆ ಬಂದವಳನ್ನು ಅಲ್ಲಮ ಪರೀಕ್ಷಿಸಿದ ಸಂದರ್ಭ ಶೂನ್ಯಸಂಪಾದನೆಯಲ್ಲಿದೆ. ಮಾನವನ್ನು ಬಟ್ಟೆಯಿಂದಲೂ ಮೈಯಿಂದಲೂ ಬಿಡಿಸಿ ಇಟ್ಟದ್ದು ಆಕೆಯ ಸಾಧನೆ. ಆಕೆಯನ್ನು ಪೂಜಿಸಿದ ನಾಡು ಈ ಮಾತನ್ನು ಮಾತ್ರ ಮನೆಯ ಹೆಣ್ಣುಮಕ್ಕಳ ವಿಷಯದಲ್ಲಿ ಒಪ್ಪಿಕೊಳ್ಳಲಿಲ್ಲ.

ಈಗ ಕಾನೂನು. 1860ರ ಭಾರತೀಯ ದಂಡ ಸಂಹಿತೆಯ 354ನೇ ಕಲಂ ಹೆಣ್ಣಿನ ‘ಲಜ್ಜೆಗೆ ಧಕ್ಕೆ ತರುವ’ ಉದ್ದೇಶದ ಹಲ್ಲೆಯನ್ನು ಶಿಕ್ಷಾರ್ಹವಾಗಿಸಿತು. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನ ಸಭ್ಯತೆಯ ಕಲ್ಪನೆ ಅದು. ಕನ್ನಡದ ವ್ಯವಹಾರದಲ್ಲಿ ಅದಕ್ಕೆ ಮಾನಭಂಗವೆಂಬ ಹೆಸರು ಅಂಟಿಕೊಂಡಿತು. 1860ರ ಪರಕೀಯ ಲಜ್ಜೆ, ನಮ್ಮ ಹಳೆಯ ಕುಲದ ಮಾನ ಎರಡೂ ಒಂದಾಗಿ ಕೂತವು. ಕಾನೂನು ಅಪರಾಧಿಯ ಕೈಯನ್ನು ಅಳೆಯುವ ಬದಲು ಹೆಣ್ಣಿನೊಳಗಿನ ಒಂದು ಗುಣವನ್ನು ಅಳೆಯತೊಡಗಿದರೆ ಏನಾಗುತ್ತದೆ ಎಂಬುದಕ್ಕೆ ಪಂಜಾಬಿನ ಒಂದು ಮೊಕದ್ದಮೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಏಳೂವರೆ ತಿಂಗಳ ಹೆಣ್ಣುಕೂಸಿನ ಮೇಲೆ ಮೇಜರ್ ಸಿಂಗ್ ಎಂಬಾತ ಲೈಂಗಿಕ ದೌರ್ಜನ್ಯ ಎಸಗಿ ಗಾಯಗೊಳಿಸಿದ್ದ. ಕೃತ್ಯ ನಡೆದಿತ್ತೆಂಬುದರಲ್ಲಿ ನ್ಯಾಯಾಲಯಗಳಿಗೆ ಅನುಮಾನ ಇರಲಿಲ್ಲ. ಪ್ರಶ್ನೆ ಎದ್ದದ್ದು ಕೂಸಿನ ಬಗ್ಗೆ. ಏಳೂವರೆ ತಿಂಗಳ ಮಗುವಿಗೆ ಲಜ್ಜೆ ಎಂಬುದು ಇರುತ್ತದೆಯೇ? ಇಲ್ಲದ ಲಜ್ಜೆಗೆ ಧಕ್ಕೆ ಹೇಗೆ? ಹೈಕೋರ್ಟಿನ ಬಹುಮತದ ತೀರ್ಪು ಇಲ್ಲವೆಂದಿತು. ಹಾಗಾಗಿ ಅದು ಬರಿಯ ಗಾಯಪಡಿಸಿದ ಅಪರಾಧವಾಗಿ ಉಳಿಯಿತು. 1966ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ತಿರುಗಿಸಿತು. ಹೆಣ್ಣಾಗಿ ಹುಟ್ಟಿದ ಕ್ಷಣದಿಂದಲೇ ಲಜ್ಜೆ ಆಕೆಗೆ ಇರುತ್ತದೆ, ವಯಸ್ಸು ತಿಳಿವಳಿಕೆಗಳು ಅದಕ್ಕೆ ಬೇಕಿಲ್ಲ ಎಂದು ಬಹುಮತ ಹೇಳಿತು. ಮುಖ್ಯ ನ್ಯಾಯಮೂರ್ತಿ ಸರ್ಕಾರ್ ಅವರು ಭಿನ್ನಮತ ಬರೆದರು. ಅಪರಾಧಿಗೆ ಸಲ್ಲಬೇಕಾದ ಶಿಕ್ಷೆ ಸಂದಿತು, ಅದು ಸಮಾಧಾನ. ಆದರೆ ಆ ತೀರ್ಪನ್ನು ಓದುವಾಗ ನನಗೆ ಸಂಕಟವಾಗುವುದು ಗೆದ್ದ ವಾದದ ಬಗ್ಗೆಯೇ. ಒಂದು ಕೂಸಿಗೆ ನ್ಯಾಯ ಕೊಡಬೇಕಾದರೆ ಹುಟ್ಟಿನಿಂದಲೇ ಅದರ ಹೆಗಲಿಗೆ ಲಜ್ಜೆಯನ್ನು ಹೊರಿಸಬೇಕಾಗಿ ಬಂತು. ಕಲಮಿನ ಪದ ಬೇರೆ ದಾರಿ ಬಿಟ್ಟಿರಲಿಲ್ಲ.

ದೆಹಲಿಯ 2012ರ ಡಿಸೆಂಬರ್‌ನ ಸಾಮೂಹಿಕ ಅತ್ಯಾಚಾರದ ಬಳಿಕ 2013ರ ತಿದ್ದುಪಡಿ ಬಂದಾಗ ಕೆಲವು ಕೃತ್ಯಗಳಿಗೆ ಅವುಗಳದೇ ಹೆಸರು ಬಂತು. ಬಟ್ಟೆ ಬಿಚ್ಚಿಸುವುದು, ಕದ್ದು ನೋಡುವುದು, ಹಿಂಬಾಲಿಸುವುದು ಬೇರೆಬೇರೆ ಅಪರಾಧಗಳಾದವು. ಅಲ್ಲಿಯವರೆಗೆ ಹೆಚ್ಚೆಂದರೆ ಎರಡು ವರ್ಷವಿದ್ದ 354ರ ಶಿಕ್ಷೆ ಕನಿಷ್ಠ ಒಂದು, ಗರಿಷ್ಠ ಐದು ವರ್ಷಕ್ಕೇರಿತು. 2024ರ ಜುಲೈ 1ರಂದು ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಬಟ್ಟೆ ಬಿಚ್ಚಿಸುವುದು 76ನೇ ಕಲಂ. ಶಾಸನದ ಉಡೆಯುರ್ಚು ಮರಳಿ ಬಂದಂತಾಯಿತು. ಆದರೆ ಅದರ ಎರಡು ಮನೆ ಹಿಂದೆ, 74ನೇ ಕಲಮಿನಲ್ಲಿ, ಲಜ್ಜೆ ಹಾಗೆಯೇ ಕೂತಿದೆ. ಹೆಸರು, ಸಂಖ್ಯೆ ಬದಲಾದ ಹೊಸ ಸಂಹಿತೆಯಲ್ಲಿ ಈ ಪದವನ್ನು ಬಿಡಲು ಒಳ್ಳೆಯ ಅವಕಾಶವಿತ್ತು. ಅದು ಕೈತಪ್ಪಿತು.

ನ್ಯಾಯಪೀಠದ ನುಡಿಯಲ್ಲೂ ಹಳೆಯ ಮಾನ ಇಣುಕುತ್ತಲೇ ಇರುತ್ತದೆ. 2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಒಂದು ಜಾಮೀನು ಆದೇಶದಲ್ಲಿ, ಅತ್ಯಾಚಾರದ ನಂತರ ನಿದ್ದೆ ಹೋದೆನೆಂದು ದೂರುದಾರೆ ಹೇಳಿದ್ದು ಭಾರತೀಯ ಹೆಣ್ಣಿಗೆ ತಕ್ಕುದಲ್ಲ ಎಂಬ ಅರ್ಥದ ಸಾಲು ಬಂದಿತ್ತು. ವ್ಯಾಪಕ ವಿರೋಧದ ನಂತರ ಆ ಸಾಲನ್ನು ಆದೇಶದಿಂದ ತೆಗೆಯಲಾಯಿತು. ಮೂರು ವರ್ಷದ ಬಳಿಕ, 2023ರ ಆಗಸ್ಟ್‌ನಲ್ಲಿ, ಸುಪ್ರೀಂ ಕೋರ್ಟ್ ಲಿಂಗ ಪೂರ್ವಗ್ರಹದ ಪದಗಳನ್ನು ಪಟ್ಟಿ ಮಾಡಿ, ಬದಲಿ ಪದ ಸೂಚಿಸಿ ಒಂದು ಕೈಪಿಡಿ ಹೊರತಂದಿತು. ಕನ್ನಡದ ಠಾಣೆಗೂ ತಾಲ್ಲೂಕು ನ್ಯಾಯಾಲಯಕ್ಕೂ ಬೇಕಾದದ್ದು ಕನ್ನಡದಲ್ಲೇ ಯೋಚಿಸಿ ಮಾಡಿದ ಅಂಥ ಪಟ್ಟಿ.

ಮಾನಭಂಗದ ಪಕ್ಕದಲ್ಲಿ ಮಾನನಷ್ಟವನ್ನು ಇಟ್ಟು ನೋಡಿದರೆ ಇನ್ನೊಂದು ಸಂಗತಿ ಬಯಲಾಗುತ್ತದೆ. ನಷ್ಟವನ್ನು ತುಂಬಿಕೊಡಬಹುದು. ಅದಕ್ಕೇ ಹೆಸರುವಾಸಿಗಳು ಕೋಟಿಗಟ್ಟಲೆ ರೂಪಾಯಿಯ ಮಾನನಷ್ಟ ಮೊಕದ್ದಮೆ ಹೂಡುತ್ತಾರೆ. ಭಂಗವಾದದ್ದು ಒಡೆದದ್ದು, ಕೂಡಿಬರುವಂಥದ್ದಲ್ಲ ಎಂಬುದು ಆ ಪದದ ಒಳಗಿನ ಧ್ವನಿ. ಕ್ರಿಮಿನಲ್ ಮಾನನಷ್ಟ ಕಾನೂನು ಸಂವಿಧಾನಬದ್ಧವೆಂದು 2016ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಒಬ್ಬರ ಹೆಸರು ಬದುಕುವ ಹಕ್ಕಿನ ಭಾಗ ಎಂಬುದು ಅದರ ತರ್ಕ. ಈ ಎರಡು ಮಾನಗಳು ಮುಖಾಮುಖಿಯಾದದ್ದು 2018ರಲ್ಲಿ. ಪತ್ರಕರ್ತೆ ಪ್ರಿಯಾ ರಮಣಿ ಲೈಂಗಿಕ ಕಿರುಕುಳದ ಆರೋಪ ಮಾಡಿದಾಗ ಆಗ ಕೇಂದ್ರ ಸಚಿವರಾಗಿದ್ದ ಎಂ.ಜೆ. ಅಕ್ಬರ್ ಮಾನನಷ್ಟ ದೂರು ಹೂಡಿದರು. 2021ರ ಫೆಬ್ರುವರಿ 17ರಂದು ದೆಹಲಿಯ ನ್ಯಾಯಾಲಯ ರಮಣಿಯವರನ್ನು ಖುಲಾಸೆ ಮಾಡಿತು. ಹೆಣ್ಣಿನ ಘನತೆಯನ್ನು ಬಲಿಕೊಟ್ಟು ಇನ್ನೊಬ್ಬರ ಹೆಸರನ್ನು ಕಾಪಾಡಲಾಗದು, ದಶಕಗಳ ನಂತರವೂ ಆಕೆ ಹೇಳಿಕೊಳ್ಳಬಹುದು ಎಂದಿತು. ಅದರ ವಿರುದ್ಧ ಮೇಲ್ಮನವಿ ಹೋಗಿದೆ. ಆದರೂ ಆ ಮಾತು ದಾಖಲೆಯಲ್ಲಿ ಸೇರಿದ್ದು ಸಣ್ಣದಲ್ಲ.

ಅವಮಾನವನ್ನು ಕಾನೂನು ಸರಿಯಾಗಿ ಹೆಸರಿಸಿದ್ದು ಎಲ್ಲಿ ಎಂದು ಹುಡುಕಿದರೆ ಉತ್ತರ ಸಿಗುವುದು 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯಲ್ಲಿ. ಜಾತಿ ಕೊಟ್ಟ ಅವಮಾನವನ್ನು ಮೈಯಲ್ಲಿ ಹೊತ್ತವರ ಹೋರಾಟದಿಂದ ಬಂದ ಕಾಯ್ದೆ ಅದು. 2015ರ ತಿದ್ದುಪಡಿಯ ನಂತರ ಅದರ ಪಟ್ಟಿಯಲ್ಲಿ ಚಪ್ಪಲಿ ಹಾರ ಹಾಕುವುದು, ಬೆತ್ತಲೆ ಮೆರವಣಿಗೆ ಮಾಡಿಸುವುದು, ಬಲವಂತವಾಗಿ ತಲೆ ಬೋಳಿಸುವುದು, ಮೀಸೆ ತೆಗೆಯುವುದು, ಮುಖ ಮೈಗಳಿಗೆ ಬಣ್ಣ ಬಳಿಯುವುದು ಎಲ್ಲ ಬಿಡಿಬಿಡಿಯಾಗಿ ಬರುತ್ತವೆ. ಓದಲು ಕಷ್ಟವಾಗುವ ಪಟ್ಟಿ. ಒಂದೊಂದು ಸಾಲಿನ ಹಿಂದೆಯೂ ಒಂದೊಂದು ಊರು ಇದ್ದಿರಬೇಕು. ಇಲ್ಲಿ ಬಲಿಯಾದವರ ಮಾನ ಹೋಯಿತೇ ಉಳಿಯಿತೇ ಎಂದು ಕೇಳುವವರಿಲ್ಲ. ಇಂಥದನ್ನು ಮಾಡಿದವನು ಅಪರಾಧಿ, ಅಷ್ಟೆ.

ಅದೇ ಕಾಯ್ದೆಯಲ್ಲಿ ನಿಂದನೆಯ ಅಪರಾಧಕ್ಕೆ ಒಂದು ಷರತ್ತಿದೆ, ಅದು ಸಾರ್ವಜನಿಕರ ಕಣ್ಣಿಗೆ ಬೀಳುವಲ್ಲಿ ನಡೆದಿರಬೇಕು. ಬೀದಿಯಿಂದ ಕಾಣುವ ಗೇಟಿನ ಬಳಿ ಬೈದರೆ ಅದು ಸಾರ್ವಜನಿಕರ ಕಣ್ಣೆದುರೇ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ಹೊರಗಿನವರಾರೂ ಇಲ್ಲದೆ ನಾಲ್ಕು ಗೋಡೆಯ ಒಳಗೆ ನಡೆದದ್ದು ಈ ಕಲಮಿಗೆ ಬರುವುದಿಲ್ಲ ಎಂದು 2020ರಲ್ಲಿ ಹೇಳಿತು. ನಾಲ್ವರು ನೋಡದಿದ್ದರೆ ಅವಮಾನವೇ ಅಲ್ಲವೇ ಎಂಬ ಪ್ರಶ್ನೆ ಇಲ್ಲಿ ಉಳಿಯುತ್ತದೆ. ಸಿದ್ಧಲಿಂಗಯ್ಯನವರ ‘ಊರುಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ದಂಥ ಆತ್ಮಕಥನಗಳು ಇದಕ್ಕೆ ಸಾಹಿತ್ಯದ ಕಡೆಯಿಂದ ಬಂದ ಉತ್ತರ. ಯಾರೂ ಕಾಣದೆ ನುಂಗಿಕೊಂಡದ್ದನ್ನು ಅವರು ಅಚ್ಚಿನಲ್ಲಿ ಎಲ್ಲರ ಕಣ್ಣೆದುರಿಗೆ ತಂದರು. ಓದಿದವರು ತಲೆ ತಗ್ಗಿಸಿದ್ದು ಬರೆದವರ ಸಲುವಾಗಿ ಅಲ್ಲ.

2023ರ ಡಿಸೆಂಬರ್‌ನಲ್ಲಿ ಬೆಳಗಾವಿ ತಾಲ್ಲೂಕಿನ ಹೊಸ ವಂಟಮೂರಿಯಲ್ಲಿ ನಡೆದದ್ದು ಈ ಎಲ್ಲ ಪ್ರಶ್ನೆಗಳನ್ನೂ ಒಟ್ಟಿಗೆ ತಂದಿಟ್ಟಿತು. ಯುವಕನೊಬ್ಬ ತಾನು ಪ್ರೀತಿಸಿದ ಹುಡುಗಿಯೊಂದಿಗೆ ಊರು ಬಿಟ್ಟ. ಹುಡುಗಿಯ ಕಡೆಯವರು ರಾತ್ರಿ ಅವನ ತಾಯಿಯನ್ನು ಮನೆಯಿಂದ ಎಳೆತಂದು, ಬಟ್ಟೆ ಬಿಚ್ಚಿ, ಕಂಬಕ್ಕೆ ಕಟ್ಟಿ ಹೊಡೆದರು. ತಮ್ಮ ಮನೆಯ ಮರ್ಯಾದೆ ಹೋಯಿತೆಂದು ಇನ್ನೊಂದು ಮನೆಯ ಹೆಣ್ಣಿನ ಮೇಲೆ ತೀರಿಸಿಕೊಂಡರು. ಹೈಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. ಆಸ್ಪತ್ರೆಯಲ್ಲಿದ್ದ ಆಕೆಯನ್ನು ನೋಡಲು ಸಾಲುಗಟ್ಟಿದ ರಾಜಕಾರಣಿಗಳ ಭೇಟಿಗೆ ಕಡಿವಾಣ ಹಾಕಿತು. ದ್ರೌಪದಿಗೆ ಕೃಷ್ಣ ಬಂದ, ಇಲ್ಲಿ ಯಾರೂ ಬರಲಿಲ್ಲ ಎಂದು ಪೀಠ ನೊಂದುಕೊಂಡಿತು. ನನಗೆ ಹೆಚ್ಚು ಮುಖ್ಯವೆನಿಸಿದ್ದು ನಂತರದ ಮಾತು. ನೋಡುತ್ತಾ ನಿಂತವರ ಹೊಣೆ ಏನು, ಇಡೀ ಊರಿನ ಮೇಲೆ ದಂಡ ಹಾಕುವ ಹಳೆಯ ಕ್ರಮ ಮತ್ತೆ ಬೇಕೇ ಎಂದು ಪೀಠ ಕೇಳಿತು. ಬಿಡಿಸಲು ಮುಂದೆ ಬಂದ ಒಬ್ಬರಿಗೂ ಪೆಟ್ಟು ಬಿದ್ದಿತ್ತು. ಸಾಮೂಹಿಕ ದಂಡ ನ್ಯಾಯವೇ ಎಂಬುದರಲ್ಲಿ ನನಗೆ ಅನುಮಾನವಿದೆ. ಆದರೆ ಭಂಗವಾದದ್ದು ಯಾರ ಮಾನ ಎಂಬುದಕ್ಕೆ ಆ ಪ್ರಶ್ನೆಯಲ್ಲಿ ಸರಿಯಾದ ದಿಕ್ಕು ಇತ್ತು.

ಹೆಸರು ಮುಚ್ಚಿಡುವ ನಿಯಮವನ್ನೂ ಇಲ್ಲಿ ನೋಡಬೇಕು. ಅತ್ಯಾಚಾರಕ್ಕೆ ಒಳಗಾದವರ ಗುರುತು ಪ್ರಕಟಿಸುವುದು 1983ರಿಂದ ಅಪರಾಧ. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಬಿಗಿ ಮಾಡಿತು. ಬೇಕಾದ ರಕ್ಷಣೆ, ಎರಡು ಮಾತಿಲ್ಲ. 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ಹಾಸನದಲ್ಲಿ ಲೈಂಗಿಕ ದೌರ್ಜನ್ಯದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಹರಿದಾಡಿ ಹೆಂಗಸರ ಮುಖಗಳು ಮೊಬೈಲ್‌ನಿಂದ ಮೊಬೈಲ್‌ಗೆ ಹೋದಾಗ, ಆ ವಿಡಿಯೊ ಹಂಚುವುದೇ ಅಪರಾಧವೆಂದು ತನಿಖಾ ತಂಡ ಎಚ್ಚರಿಸಬೇಕಾಯಿತು. ಅದಕ್ಕೆ ಸಂಬಂಧಿಸಿದ ಒಂದು ಪ್ರಕರಣದಲ್ಲಿ 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತು. ಧೈರ್ಯ ಮಾಡಿ ಸಾಕ್ಷಿ ಹೇಳಿದ್ದು ಮನೆಗೆಲಸದ ಒಬ್ಬ ಹೆಣ್ಣುಮಗಳು.

ಮುಚ್ಚಿಡುವ ಆಯ್ಕೆಯಂತೆ ತೆರೆದಿಡುವ ಆಯ್ಕೆಯೂ ಆಕೆಯದೇ ಆಗಿರಬೇಕು. ಅತ್ಯಾಚಾರಕ್ಕೆ ಒಳಗಾಗಿದ್ದ ಕೋಲ್ಕತ್ತದ ಸುಜೆಟ್ ಜೋರ್ಡನ್ 2013ರಲ್ಲಿ ತಾವಾಗಿ ಹೆಸರು ಹೇಳಿಕೊಂಡರು. ಘಟನೆ ನಡೆದ ಬೀದಿಯ ಹೆಸರಿನಿಂದ ತಮ್ಮನ್ನು ಕರೆಯುವುದು ಅವರಿಗೆ ಸಾಕಾಗಿತ್ತು. 2015ರ ಮಾರ್ಚ್‌ನಲ್ಲಿ ತೀರಿಕೊಂಡ ಅವರಿಗೆ ಅದೇ ವರ್ಷದ ಕೊನೆಯಲ್ಲಿ ಬಂದ ತೀರ್ಪು ಕೇಳಲಾಗಲಿಲ್ಲ. ಫ್ರಾನ್ಸಿನ ಜಿಸೆಲ್ ಪೆಲಿಕೊ 2024ರಲ್ಲಿ ತಮ್ಮ ಮೇಲಿನ ಅತ್ಯಾಚಾರ ಪ್ರಕರಣದಲ್ಲಿ ಮುಚ್ಚಿದ ಬಾಗಿಲ ವಿಚಾರಣೆಯನ್ನು ನಿರಾಕರಿಸಿ, ನಾಚಿಕೆ ಪಡಬೇಕಾದವರು ಎದುರು ಬದಿಯವರು ಎಂಬ ಮಾತನ್ನು ನ್ಯಾಯಾಲಯದ ತೆರೆದ ಬಾಗಿಲಲ್ಲೇ ಸಾಧಿಸಿದರು. ಆ ಡಿಸೆಂಬರ್‌ನಲ್ಲಿ ಗಂಡನೂ ಸೇರಿ 51 ಗಂಡಸರು ದೋಷಿಗಳೆಂದು ತೀರ್ಪಾಯಿತು.

ಕನ್ನಡ ಪತ್ರಿಕೆಗಳು ಬದಲಾಗಲಾರವು ಎನ್ನುವವರಿಗೆ ಒಂದು ಉದಾಹರಣೆ ನಮ್ಮಲ್ಲೇ ಇದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆಬಲವಾಡಿಯಲ್ಲಿ 2011ರಲ್ಲಿ ದಲಿತ ಹುಡುಗನನ್ನು ಪ್ರೀತಿಸಿದ ಹುಡುಗಿಯನ್ನು ಮನೆಯವರೇ ಕೊಂದಂಥ ಘಟನೆಗಳನ್ನು ‘ಮರ್ಯಾದಾ ಹತ್ಯೆ’ ಎಂದು ಬರೆಯುವ ರೂಢಿಯಿತ್ತು. ಕೊಂದವನ ಸಮರ್ಥನೆಯೇ ಸುದ್ದಿಯ ಹೆಸರಾಗಿತ್ತು. ಮಹಿಳಾ ಮತ್ತು ದಲಿತ ಸಂಘಟನೆಗಳ ಬಾಯಲ್ಲಿ, ಬರಹಗಳಲ್ಲಿ ಅದು ‘ಮರ್ಯಾದೆಗೇಡು ಹತ್ಯೆ’ಯಾಯಿತು. ಇಂದು ಪತ್ರಿಕೆಗಳ ತಲೆಬರಹದಲ್ಲೂ ಅದು ಸಹಜವಾಗಿ ಬರುತ್ತದೆ. ಯಾವ ಕಾನೂನೂ ಇದನ್ನು ಹೇರಲಿಲ್ಲ. ಮರ್ಯಾದೆಗೆಟ್ಟವರು ಯಾರು ಎಂಬುದನ್ನು ನುಡಿ ಸರಿಪಡಿಸಿಕೊಂಡಿತು. ಅದೇ ಪುಟದಲ್ಲಿ ‘ಶೀಲ ಶಂಕಿಸಿ ಪತ್ನಿಯ ಕೊಲೆ’ ಎಂಬ ಸಾಲು ಮಾತ್ರ ಇನ್ನೂ ಉಳಿದಿದೆ. ಅಲ್ಲೂ ಕೊಂದವನು ಕೊಟ್ಟ ಕಾರಣವೇ ತಲೆಬರಹ.

‘ನನ್ನ ಮಾನ ತೆಗೆದ’ ಎಂದು ನೊಂದವಳೇ ಹೇಳಿದರೆ? ಹೇಳಿದ ಹಾಗೆಯೇ ಬರೆದುಕೊಳ್ಳಬೇಕು. ತನ್ನ ನೋವಿಗೆ ಯಾವ ಮಾತು ಎಂಬುದು ಆಕೆಯ ಹಕ್ಕು, ಅದನ್ನು ತಿದ್ದಲು ನಾವು ಯಾರು. ಆದರೆ ದೋಷಾರೋಪ ಪಟ್ಟಿ, ಪತ್ರಿಕೆಯ ಸುದ್ದಿ, ಅಧಿಕಾರಿಯ ಹೇಳಿಕೆ ಆಕೆಯ ಮಾತಲ್ಲ, ನಮ್ಮದು. ಅಲ್ಲಿ ಮಾನಭಂಗ ಎಂದು ಬರೆಯುವಾಗ ತೀರ್ಪು ಕೊಡುತ್ತಿರುವವರು ನಾವು. ಇಂಥ ದಿನ, ಇಂಥ ಹೊತ್ತು, ಇಂಥ ಜಾಗದಲ್ಲಿ ಆರೋಪಿ ಏನು ಮಾಡಿದ ಎಂದು ಬಿಡಿಸಿ ಬರೆದರೆ ಪ್ರಕರಣ ನ್ಯಾಯಾಲಯದಲ್ಲಿ ಗಟ್ಟಿಯೂ ಆಗುತ್ತದೆ. ಅಚ್ಚಿನ ವಾಕ್ಯವನ್ನು ಪಾಟೀಸವಾಲಿನಲ್ಲಿ ಒಡೆಯುವುದು ಎದುರು ವಕೀಲರಿಗೆ ಸುಲಭ, ನಡೆದದ್ದನ್ನು ನಡೆದ ಹಾಗೆ ಬರೆದದ್ದನ್ನು ಒಡೆಯುವುದು ಕಷ್ಟ. ತಲೆಬರಹದಲ್ಲಿ ಜಾಗ ಸಾಲದು, ಚಿಕ್ಕ ಪದ ಬೇಕು ಎಂಬುದು ಡೆಸ್ಕಿನಲ್ಲಿ ಕೂತವರ ಕಷ್ಟ. ಮಾನಭಂಗ ನಾಲ್ಕಕ್ಷರ. ‘ಕೈ ಎಳೆದ’ ಎಂಬುದೂ ನಾಲ್ಕೇ ಅಕ್ಷರ, ಮತ್ತು ಅದರಲ್ಲಿ ಕರ್ತೃ ಅವನು.